ಗುರುತು ಎಲ್ಲೈತೆ?

ನಮ್ಮೂರು ಹಗರೆಯಲ್ಲಿ ಪಕ್ಕದ ಮನೆಯ ಅಜ್ಜಿಯ ಪ್ರಕಾರ ಲಸಿಕೆ ಎಂದರೆ ತೋಳಿನ ಮೇಲೆ ಕಲೆ ಉಳಿಸುವಂಥದ್ದು. ಸಣ್ಣವರಿದ್ದಾಗ ಸಿಡುಬು ಬಾರದಿರಲೆಂದು ಹಾಕಿಸಿದ ದಾಕಿನ ಕಲೆ ಅವರ ತೋಳಿನಲ್ಲಿ ನಾಲ್ಕಾಣೆಯಷ್ಟು ಅಗಲಕ್ಕಿತ್ತು. ಬೀದಿಯ ಯಾವ ಮಗುವಿಗೆ ಸೂಜಿ ಹಾಕಿಸಿ ತಂದರೂ ತೋಳು ತಿರುಗಿಸಿ ನೋಡಿ, "ಗುರುತು ಎಲ್ಲೈತೆ?" ಎನ್ನುತ್ತಿದ್ದರು. ಪೋಲಿಯೊ ಹನಿಯನ್ನಂತೂ ಲೆಕ್ಕಕ್ಕೇ ಹಿಡಿಯಲಿಲ್ಲ. "ಅದು ತೀರ್ಥ ಕಣೋ. ಕುಡಿಸ್ಲಿ ಬಿಡು, ಒಳ್ಳೇದೇ."

ಕೊರೋನಾ ಲಸಿಕೆ ಹಾಕಿಸಲು ಊರಿನ ಶಾಲೆಗೆ ಅವರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಸೂಜಿ ಚುಚ್ಚಿದ್ದಾಯಿತು, ಅಜ್ಜಿ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ.

"ಕಾಲುಬಾಯಿ ಜ್ವರಕ್ಕೆ ಸೂಜಿ ಹಾಕ್ದಾಗ ನಮ್ಮ ಹಸುಗೂ ಕಿವಿಗೆ ಹಳದಿ ಓಲೆ ಹಾಕವ್ರೆ. ನಂಗೆ ಗುರುತು ಎಲ್ಲೈತೆ?"

"ಫೋನಿಗೆ ಮೆಸೇಜ್ ಬರುತ್ತೆ ಅಜ್ಜಿ," ಎಂದರು ನರ್ಸಮ್ಮ.

"ಸೂಜಿ ಫೋನಿಗೆ ಹಾಕುದ್ರೋ, ನಂಗೆ ಹಾಕುದ್ರೋ?"

ಎರಡನೇ ಸೂಜಿಯೂ ಆದ ಮೇಲೆ ಅಜ್ಜಿಗೆ ಕೊರೋನಾ ಬಂದೇ ಬಂತು. ಹಾಲು ಕರೆಯುವುದನ್ನು ಸೊಸೆಗೆ ಬಿಟ್ಟು ಮಲಗಿದರು. ಅವರು ಮಲಗಿದ್ದಷ್ಟು ದಿನವೂ ಬೀದಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.

ಎದ್ದು ಮತ್ತೆ ಹಸುವಿನ ಪಕ್ಕ ಕೂತ ದಿನ, ನನ್ನ ಬಾಯಿ ಸುಮ್ಮನಿರಲಿಲ್ಲ. "ಲಸಿಕೆ ಅಂದ್ರೆ ಕಾಯಿಲೆ ಬರದಂಗೆ ತಡಿಯೋದಲ್ವಾ ಅಜ್ಜಿ? ನಿಮ್ಗೆ ಬಂದೇ ಬಿಡ್ತು. ಹಾಕಿಸ್ಕೊಂಡಿದ್ಕೆ ಈಗ ಗುರುತು ಎಲ್ಲೈತೆ?"

ಅಜ್ಜಿ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ.

"ನಿನ್ ಕಣ್ಮುಂದೇನೇ ಕೂತೈತಲ್ಲೋ, ಹಾಲು ಕರೀತಾ."