ಐದನೇ ಮಹಡಿಯ ಕಹಳೆ

ಗಾಶೆ ವೊಂದಿರಾದ್ ನಲವತ್ತೊಂದು ವರ್ಷ ನಮ್ಮ ಓಣಿಯ ಸಾವುಗಳನ್ನು ಸಾರಿದವರು. ಅಡಿಸ್ ಅಬಾಬಾದ ನಟ್ಟನಡುವೆ, ತಗಡಿನ ಮಾಡುಗಳು ಒಂದಕ್ಕೊಂದು ಒರಗಿಕೊಂಡಿದ್ದ ಓಣಿ ಅದು. ಯಾರಾದರೂ ತೀರಿಕೊಂಡರೆ ಈದಿರ್ ಎಂಬ ಸಾವಿಗೆ ನೆರವಾಗುವ ನಮ್ಮ ಸಂಘದ ಕಹಳೆ ಹಿಡಿದು ನಸುಕಿಗೇ ಹೊರಡುತ್ತಿದ್ದರು. ಮೂರು ಸಲ ಊದಿ, ಸತ್ತವರ ಹೆಸರು, ಯಾರ ಮನೆಯವರು, ಮಣ್ಣು ಯಾವ ಚರ್ಚಿನಲ್ಲಿ ಎಂದು ಕೂಗುತ್ತಿದ್ದರು. ಅವರು ಓಣಿಯ ಆ ತುದಿ ಮುಟ್ಟುವುದರೊಳಗೆ ಗಂಡಸರು ಶೋಕಕ್ಕೆ ಕೂರುವ ಡೇರೆಯ ಗೂಟ ಹೊಡೆಯುತ್ತಿದ್ದರು, ನಾವು ಹೆಂಗಸರು ಗುಗ್ಗರಿಗೆ ಒಲೆ ಹೂಡುತ್ತಿದ್ದೆವು. ಮಾತು ಬಿಟ್ಟವರೂ ಬರಲೇಬೇಕು. ನನ್ನ ಗಂಡನಿಗೆ ಕೊನೆಯವರೆಗೂ ಶಾಪ ಹಾಕಿದ ಕಟುಕ ಕೂಡ, ಅವನು ಸತ್ತಾಗ ಮೂರು ದಿನ ನಮ್ಮ ಡೇರೆಯಲ್ಲಿ ತಲೆ ತಗ್ಗಿಸಿ ಕೂತಿದ್ದ.

ಒಂದು ಕಟ್ಟುಪಾಡಿತ್ತು. ಸಾವಿನ ಮನೆಯವರು ಕಹಳೆ ಊದುವಂತಿಲ್ಲ. ಅವರು ಅಳಬೇಕು, ಸಾರುವುದು ಬೇರೆಯವರ ಕೆಲಸ.

"ನನ್ನ ಸಾವಿಗೆ ಊದೋರು ಯಾರೋ ಏನೋ" ಎಂದು ಗಾಶೆ ಆಗಾಗ ನಗೆಯಾಡುತ್ತಿದ್ದರು.

"ಹಾದೀಲಿ ಹೋಗೋ ಕತ್ತೆ ಅರಚುತ್ತೆ ಬಿಡು" ಎನ್ನುತ್ತಿದ್ದರು ಅವರ ಹೆಂಡತಿ ಅಸ್ಕಾಲೆ. ಮಕ್ಕಳಿಲ್ಲದ ಗಂಡ ಹೆಂಡಿರ ಮಾತು ಯಾವಾಗಲೂ ಹೀಗೇ, ಹುಳಿಯೂ ಇತ್ತು, ಪ್ರೀತಿಯೂ ಇತ್ತು.

ಆಮೇಲೆ ಸರ್ಕಾರದವರು ಊರು ದೊಡ್ಡದಾಗಬೇಕು ಎಂದರು, ಓಣಿ ಒಡೆದರು. ಜನ ನಗರದ ನಾಲ್ಕು ಅಂಚಿಗೆ ಚೆದುರಿ, ಸಂಘವೂ ಕರಗಿತು. ಹೊಸ ಮನೆಗಳಿಗೆ ಚೀಟಿ ಎತ್ತಿದಾಗ ನನಗೂ ಗಾಶೆಗೂ ಬಿದ್ದದ್ದು ನಗರದಂಚಿನ ಕೋಯೆಯ ಆಚೆ, ಮೊನ್ನೆಮೊನ್ನೆಯವರೆಗೆ ತೆಫ್ ಧಾನ್ಯ ಬೆಳೆಯುತ್ತಿದ್ದ ಹೊಲದಲ್ಲಿ ಎದ್ದು ನಿಂತ ಒಂದೇ ಕಟ್ಟಡ. ನನಗೆ ಎರಡನೇ ಮಹಡಿ, ಅವರಿಗೆ ಐದನೆಯದು. ಲಿಫ್ಟ್ ಇಲ್ಲ. ಗಾಶೆ ಬೇರೇನನ್ನು ಬಿಟ್ಟರೂ ಕಹಳೆಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ತಾವೇ ಹೊತ್ತು ತಂದರು.

ಇದ್ದದ್ದನ್ನು ಹೇಳಬೇಕು, ಮೊದಲ ತಿಂಗಳು ನಾವೆಲ್ಲ ಹಿಗ್ಗಿದ್ದೆವು. ಓಣಿಯಲ್ಲಿ ಹನ್ನೊಂದು ಮನೆಗೆ ಒಂದೇ ಕಕ್ಕಸು. ಇಲ್ಲಿ ನಮ್ಮದೇ ಬಾಗಿಲು, ನಮ್ಮದೇ ಚಿಲಕ. ಅಸ್ಕಾಲೆ ಕೆಲಸವಿಲ್ಲದಿದ್ದರೂ ಅದರೊಳಗೆ ಹೋಗಿ ಚಿಲಕ ಹಾಕಿಕೊಂಡು ಸ್ವಲ್ಪ ಹೊತ್ತು ಕೂತು ಬರುತ್ತಿದ್ದರಂತೆ. ಮಾಡು ಸೋರುವುದಿಲ್ಲ, ಗೋಡೆಗೆ ತೇವವಿಲ್ಲ, ಕಿಟಕಿ ತೆಗೆದರೆ ಗುಡ್ಡ ಕಾಣುತ್ತದೆ. ಅಸ್ಕಾಲೆಯ ಹಳೆಯ ಕೆಮ್ಮು ಕೂಡ ನಿಂತಿತು. ಆದರೆ ನೀರು ಐದನೇ ಮಹಡಿಗೆ ಹತ್ತುತ್ತಿದ್ದುದು ವಾರಕ್ಕೆ ಎರಡು ದಿನ. ಮಂಡಿ ಹಿಡಿದಿದ್ದ ಅಸ್ಕಾಲೆ ಕೆಳಗಿಳಿಯುತ್ತಿದ್ದುದು ಭಾನುವಾರ ಚರ್ಚಿಗೆ ಮಾತ್ರ.

"ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಅದು ನಂದೇ ಕಥೆ ಕಣೇ" ಎಂದರು ನನ್ನ ಹತ್ತಿರ.

ಕಾಫಿಯದ್ದು ಇನ್ನೊಂದು ಸಂಕಟ. ಓಣಿಯಲ್ಲಿ ಬೀಜ ಹುರಿದ ಹೊಗೆ ಹೊರಗೆ ಹೋದರೆ ಸಾಕು, ಕರೆಯದೆ ಐದು ಜನ ಬಂದು ಮೂರು ಸುತ್ತು ಮುಗಿಯುವವರೆಗೂ ಏಳುತ್ತಿರಲಿಲ್ಲ. ಇಲ್ಲಿ ಅಕ್ಕಪಕ್ಕದ ಬಾಗಿಲಿಗೆಲ್ಲ ಬೀಗ. ಕೆಲಸವಿರುವುದು ನಗರದ ನಡುವೆ, ದಾರಿ ಎರಡು ಗಂಟೆಯದು. ನಾನು ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳು. ನಾಲ್ಕೂವರೆಗೆಲ್ಲ ಎದ್ದು ಓಡಿ ಬಸ್ಸಿನ ಸಾಲಿನಲ್ಲಿ ನಿಂತರೆ ಆರಕ್ಕೆ ಬಸ್ಸು ಸಿಗುತ್ತದೆ. ಒಮ್ಮೆ ಸಾಲು ಬಿಟ್ಟರೆ ಆ ದಿನ ಹೋದಂತೆಯೇ. ಮನೆಗೆ ಬರುವಾಗ ಕತ್ತಲು. ಚಂದದ ಮನೆ ಸಿಕ್ಕಿತು, ಅದರಲ್ಲಿ ಕೂರುವ ಹೊತ್ತು ಸಿಗಲಿಲ್ಲ.

ನಾವು ಬಂದ ಎಂಟನೇ ತಿಂಗಳು ಮೂರನೇ ಮಹಡಿಯ ದರ್ಜಿ ಸತ್ತ. ನಸುಕಿನಲ್ಲಿ ಗಾಶೆ ಕಹಳೆ ತೆಗೆದುಕೊಂಡು ಅಂಗಳಕ್ಕಿಳಿದರು. ನಾನಾಗ ಬಸ್ಸಿನ ಸಾಲಿನಲ್ಲಿದ್ದೆ. ಮೂರು ಸಲ ಊದಿದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಹೊರಗಿಟ್ಟಿತು. ಅಷ್ಟರಲ್ಲಿ ಬಸ್ಸು ಬಂತು. ಹತ್ತಿದೆ. ಎಲ್ಲರೂ ಹತ್ತಿದರು.

ಸಂಜೆ ಗಾಶೆ ಮೆಟ್ಟಿಲ ಮೇಲೆ ನನಗಾಗಿ ಕಾದು ಕೂತಿದ್ದರು.

"ಬೆಳಿಗ್ಗೆ ಊದಿದ್ದೆ ಕಣವ್ವ. ಒಬ್ರೂ ಬರ್ಲಿಲ್ಲ. ನಿಂಗೆ ಕೇಳಿಸ್ಲಿಲ್ವಾ?"

"ಇಲ್ಲ ಗಾಶೆ. ಒಂಚೂರೂ ಕೇಳಿಸ್ಲಿಲ್ಲ" ಎಂದೆ. ನಾಚಿಕೆಗೆ ಹೇಳಿದ ಸುಳ್ಳು, ಬಾಯಿಗೆ ಎಷ್ಟು ಸಲೀಸಾಗಿ ಬಂತೋ!

ಅವರು ಎದೆ ಮುಟ್ಟಿ ನೋಡಿಕೊಂಡರು. "ವಯಸ್ಸಾಯ್ತು. ಉಸಿರು ಹೋಯ್ತು ನಂದು."

ಅಂದಿನಿಂದ ಅವರು ಕುಗ್ಗಿದರು. ಪ್ರತಿ ಭಾನುವಾರ ನನ್ನನ್ನು ಕರೆಸಿಕೊಂಡು ಊದುವುದನ್ನು ಕಲಿಸತೊಡಗಿದರು. ಹೆಂಗಸು ಕಹಳೆ ಹಿಡಿದದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. ಆದರೆ ಇಲ್ಲಿ ಅವರಿಗೆ ಬೇರೆ ಯಾರಿದ್ದರು? ನನ್ನ ಕೆನ್ನೆ ಉಬ್ಬಿದ್ದೇ ಬಂತು, ಬಂದದ್ದು ತಾಯಿ ಬಿಟ್ಟ ಕರುವಿನ ಸದ್ದು. ಅಸ್ಕಾಲೆ ಹಾಸಿಗೆಯಲ್ಲೇ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡರು.

"ನಗೆ ಬಿಡು. ನಾನು ಸತ್ರೆ ಫೋನಲ್ಲಿ ಹೇಳಿಸ್ಬೇಡಿ. ಊದ್ಬೇಕು. ಇಷ್ಟು ಜನರ ಮಣ್ಣಿಗೆ ಹೋಗಿದೀನಿ, ನನ್ನ ಮಣ್ಣಿಗೂ ಜನ ಇರ್ಬೇಕು. ಆಣೆ ಇಡು."

ಆಣೆ ಇಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬುಧವಾರ, ನಾನು ಕೆಲಸಕ್ಕೆ ಹೊರಡಲು ಬಾಗಿಲು ಎಳೆದುಕೊಳ್ಳುತ್ತಿದ್ದಾಗ ಗಾಶೆ ಬರಿಗಾಲಲ್ಲಿ ಇಳಿದು ಬಂದರು. ಕೈಯಲ್ಲಿ ಕಹಳೆಯ ಗಂಟಿತ್ತು. ಅದನ್ನು ನನ್ನ ಕೈಗಿಟ್ಟರು. ಮೇಲೆ ಹೋಗಿ ನೋಡಿದೆ. ಅಸ್ಕಾಲೆ ನಿದ್ದೆಯಲ್ಲೇ ಹೋಗಿದ್ದರು, ಮುಖದ ಮೇಲೆ ಒಂದು ಗೆರೆಯೂ ಕದಲಿರಲಿಲ್ಲ. ಅವರ ಕೈ ಜೋಡಿಸಿ, ಬಿಳಿ ಹೊದಿಕೆ ಎಳೆದು, ಬೆಳಕು ಹರಿಯುವುದನ್ನು ಕಾದು ಅಂಗಳಕ್ಕಿಳಿದೆ.

ಮೂರು ಸಲ ಊದಿದೆ. ಹೆಸರು ಹೇಳಿದೆ. ತಲೆಯೆತ್ತಿ ನೋಡಿದರೆ ಒಂದು ಕಿಟಕಿಯೂ ತೆರೆಯಲಿಲ್ಲ. ಆಗ ಹೊಳೆಯಿತು, ಒಳಗೆ ಇರುವವರಾದರೂ ಯಾರು? ಇರುವವರೆಲ್ಲ ಸಾಲಿನಲ್ಲಿದ್ದಾರೆ.

ಬಸ್ ಸ್ಟಾಪಿಗೇ ನಡೆದೆ. ಇನ್ನೂರು ಜನ ಒಬ್ಬರ ಬೆನ್ನಿಗೊಬ್ಬರು ನಿಂತಿದ್ದರು. ಅವರೆದುರು ನಿಂತು ಎದೆಯಲ್ಲಿದ್ದದ್ದನ್ನೆಲ್ಲ ಕಹಳೆಗೆ ಸುರಿದೆ.

"ಐದನೇ ಮಹಡಿ ಅಸ್ಕಾಲೆ! ಗಾಶೆ ವೊಂದಿರಾದ್ ಹೆಂಡ್ತಿ! ಮಣ್ಣು ಮಧ್ಯಾಹ್ನಕ್ಕೆ, ಗುಡ್ಡದ ಕೆಳಗಿನ ಚರ್ಚಲ್ಲಿ!"

ಗಂಡಸರು ಟೋಪಿ ತೆಗೆದರು. ಹೆಂಗಸರು ಎದೆ ಬಡಿದುಕೊಂಡು "ಅಯ್ಯೋ, ಅಯ್ಯೋ" ಎಂದರು. ಒಬ್ಬಳಂತೂ ನಿಜವಾಗಿಯೇ ಅತ್ತಳು. ಆದರೆ ಸಾಲು ಕದಲಲಿಲ್ಲ. ನಮ್ಮ ಕಟ್ಟಡದ ಸಮಿತಿಯ ಮುಖ್ಯಸ್ಥ ಬಿನ್ಯಾಮ್ ಮುಂದಿನಿಂದ ಮೂರನೆಯವನು. ನನ್ನ ಮುಖ ನೋಡಲಾರದೆ ತನ್ನ ಬೂಟು ನೋಡಿಕೊಂಡ.

"ಸಂಜೆ ಬರ್ತೀವಿ ಎಲ್ಫಿನೇಶಕ್ಕ. ದೇವರಾಣೆ, ಎಲ್ರೂ ಬರ್ತೀವಿ. ಇವತ್ತು ರಜಾ ಹಾಕಿದ್ರೆ ನನ್ನ ತೆಗೆದೇಬಿಡ್ತಾರೆ."

ಬೈಯಲು ಬಾಯಿ ತೆರೆದೆ. ಆದರೆ ದರ್ಜಿ ಸತ್ತ ದಿನ ಅದೇ ಸಾಲಿನಲ್ಲಿ ನಿಂತು ಬಸ್ಸು ಹತ್ತಿದವಳು ನಾನು. ಏನೆಂದು ಬೈಯಲಿ? ಬಸ್ಸು ಬಂತು. ಒಬ್ಬರಾದ ಮೇಲೆ ಒಬ್ಬರು ಹತ್ತಿದರು.

ಮಣ್ಣಿಗೆ ಬಂದವರು ಏಳೇ ಜನ: ಗಾಶೆ, ನಾನು, ಪಾದ್ರಿ, ಕಟ್ಟಡದ ಕಾವಲುಗಾರ, ಸಮೀಪದ ಕಟ್ಟಡದ ಕೆಲಸದಿಂದ ಕರೆತಂದ ಮೂವರು ಗಾರೆಯವರು. ಮೆಟ್ಟಿಲಲ್ಲಿ ಶವಪೆಟ್ಟಿಗೆ ತಿರುಗಲಿಲ್ಲ. ಒಂದೊಂದು ಮಹಡಿಗೂ ನಿಲ್ಲಿಸಿ, ನೆಟ್ಟಗೆ ಎತ್ತಿ, ತಿರುಗಿಸಿ ಇಳಿಸಿದರು. ಓಣಿಯಲ್ಲಿ ಹಾಲುಗೂಸಿನ ಮಣ್ಣಿಗೂ ಇನ್ನೂರು ಜನ ಸೇರುತ್ತಿದ್ದರು.

ಸಂಜೆ ಅವರು ಬಂದರು, ಮಾತಿಗೆ ತಪ್ಪಲಿಲ್ಲ. ಕತ್ತಲಾದ ಮೇಲೆ ನಲವತ್ತು ಜನ ಏದುಸಿರು ಬಿಡುತ್ತ ಐದು ಮಹಡಿ ಹತ್ತಿ ಬಂದರು. ಬ್ರೆಡ್ಡು ತಂದರು, ಕ್ಯಾನುಗಳಲ್ಲಿ ನೀರು ಹೊತ್ತು ತಂದರು, ಕೂರಲು ಜಾಗವಿಲ್ಲದೆ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಕೆಟ್ಟವರಲ್ಲ. ಒಂದು ಗಂಟೆ ಇದ್ದು, ನಾಳೆ ಬೇಗ ಏಳಬೇಕೆಂದು ಒಬ್ಬೊಬ್ಬರಾಗಿ ಇಳಿದುಹೋದರು.

ನಾನು ಕಾಫಿ ಹುರಿದೆ. ಗಾಶೆ ಮೊದಲ ಸುತ್ತಿನ ಲೋಟ ಹಿಡಿದು ನನ್ನ ಕಡೆ ತಿರುಗಿದರು.

"ನೀನು ಸ್ಟಾಪಲ್ಲಿ ಊದಿದ್ದು ನಂಗಿಲ್ಲಿಗೆ ಕೇಳಿಸ್ತು. ಕರು ಕೂಗ್ದಂಗಿತ್ತು, ಆದ್ರೂ ಕೇಳಿಸ್ತು. ಅವ್ರಿಗೆ ಕೇಳಿಸ್ತಾ?"

ಅಸ್ಕಾಲೆಯ ಹಾಸಿಗೆ ಪಕ್ಕದಲ್ಲೇ ಇತ್ತು. ಅದರೆದುರು ಇನ್ನೊಂದು ಸುಳ್ಳು ಹೇಳಲಾರದಾದೆ.

"ಕೇಳಿಸ್ತು ಗಾಶೆ. ಎಲ್ರಿಗೂ ಕೇಳಿಸ್ತು. ದರ್ಜಿ ಸತ್ತಾಗ ನೀವು ಊದಿದ್ದೂ ಕೇಳಿಸಿತ್ತು. ನಾನೂ ಆ ಸಾಲಲ್ಲೇ ಇದ್ದೆ. ನಿಮ್ಮ ಉಸಿರು ಗಟ್ಟಿಯಾಗೇ ಇತ್ತು."

ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದು ಕಾದೆ. ಅವರು ಲೋಟ ಕೆಳಗಿಟ್ಟು ಕಹಳೆಗೆ ಬಟ್ಟೆ ಸುತ್ತಿದರು, ಗಂಟು ಬಿಗಿದರು.

"ಇಷ್ಟು ದಿನ ಉಸಿರು ಹೋಯ್ತಲ್ಲ ಅಂತ ಕೊರಗ್ತಿದ್ದೆ" ಎಂದರು. "ಹಂಗಂದ್ಕೊಂಡಿರೋದೇ ಮೇಲಾಗಿತ್ತು ಕಣವ್ವ."