ಬಿಸಿಲಲ್ಲಿ ನಿಂತ ಸ್ಟೇಷನ್ ಮಾಸ್ಟರು

ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ನಮ್ಮೂರಿಗೂ ಒಂದು ರೈಲ್ವೆ ಸ್ಟೇಷನ್ನಿತ್ತು. ಈಗ ಅದರ ಬಾಗಿಲಿಗೆ ಜಾಲಿ ಅಡ್ಡ ಬೆಳೆದಿದೆ. ನಾನು ಈ ಊರಿಗೆ ಸೊಸೆಯಾಗಿ ಬಂದ ಐವತ್ತರ ದಶಕದಲ್ಲಿ ಅಲ್ಲೊಬ್ಬ ಸ್ಟೇಷನ್ ಮಾಸ್ಟರಿದ್ದರು.

ಪ್ರಯಾಣಿಕರು ಕೂರುವ ಕೋಣೆ ಬಿಟ್ಟರೆ ಅಲ್ಲಿ ಬೇರೆ ನೆರಳಿರಲಿಲ್ಲ. ಶಿಡ್ಲಘಟ್ಟಕ್ಕೆ ಕಳಿಸುವ ರೇಷ್ಮೆಗೂಡಿನ ಬುಟ್ಟಿಗಳನ್ನು ನಾವು ತಂದ ಕೂಡಲೇ ಅವರು ಎಲ್ಲರನ್ನೂ ಎಬ್ಬಿಸಿ, ಬುಟ್ಟಿಗಳನ್ನು ಕೋಣೆಯೊಳಗೆ ಇಡಿಸುತ್ತಿದ್ದರು. ಗೂಡು ಕಾದು ಕೆಟ್ಟರೆ ಇಡೀ ಮನೆ ನಿದ್ದೆಗೆಟ್ಟು ಹುಳು ಸಾಕಿದ್ದೆಲ್ಲ ವ್ಯರ್ಥ ಎಂಬುದು ಅವರಿಗೆ ಗೊತ್ತಿತ್ತು. ತಾವು ಕೋಟಿನ ಗುಂಡಿಯನ್ನೂ ಬಿಚ್ಚದೆ ಹೊರಗೆ ನಿಂತು, "ಗೂಡು ಬಿಸಿಲು ತಡೆಯಲ್ಲ ಕಣಮ್ಮ, ನಾವು ತಡೀತೀವಿ" ಎನ್ನುತ್ತಿದ್ದರು.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. "ಏನ್ರೀ ಇದು? ಜನ ಹೊರಗೆ, ಬುಟ್ಟಿ ಒಳಗೆ. ನಾನೆಲ್ಲಿ ಕೂತ್ಕೊಳ್ಳಲಿ?"

ಮಾಸ್ಟರು ಟಿಕೆಟ್ ಕೊಡುವ ಜಾಗದಿಂದ ತಮ್ಮ ಕುರ್ಚಿ ತಂದು, ಬಿಸಿಲಲ್ಲಿ ಹಾಕಿ, ಕರವಸ್ತ್ರದಿಂದ ಒರೆಸಿದರು. "ಗೂಡು ಬಿಸಿಲು ತಡೆಯಲ್ಲ ಸಾರ್" ಎಂದರು. ಉಳಿದ ಅರ್ಧ ಮಾತು ಹೇಳಲಿಲ್ಲ. ಸಾಹೇಬರು ಕೂರಲಿಲ್ಲ. ಬುಟ್ಟಿಗಳೂ ಕದಲಲಿಲ್ಲ.

ಅರವತ್ತರ ದಶಕದಲ್ಲಿ ಸ್ಟೇಷನ್ ಮುಚ್ಚಿದ ದಿನ ಒಂದು ಬುಟ್ಟಿಯೂ ಬರಲಿಲ್ಲ. ಗೂಡೆಲ್ಲ ಅಷ್ಟು ಹೊತ್ತಿಗೆ ಲಾರಿ ಹತ್ತತೊಡಗಿತ್ತು. ನಮ್ಮ ಮಾವ ಮಾಸ್ಟರ ಕೈಹಿಡಿದು ಕೋಣೆಯ ಬೆಂಚು ತೋರಿಸಿ, "ಇವತ್ತಾದ್ರೂ ನೆರಳಲ್ಲಿ ಕೂತ್ಕೊಳ್ಳಿ ಸ್ವಾಮಿ" ಎಂದರು.

"ರೈಲು ಇನ್ನೂ ಹೋಗಿಲ್ವಲ್ಲಪ್ಪ" ಎಂದು ಅವರು ಹಸಿರು ಬಾವುಟ ಹಿಡಿದು ಹೊರಗೆ ನಡೆದರು.

ಊರಿಗೆ ಊರೇ ಅವರ ಪಕ್ಕ ಬಿಸಿಲಲ್ಲಿ ನಿಂತಿತು. ಕೋಣೆ ಖಾಲಿಯಿದ್ದರೂ ಒಬ್ಬರೂ ಒಳಗೆ ಹೋಗಲಿಲ್ಲ.