ಎಣಿಸುವ ಮೊದಲೇ ಮಾರಿಹೋದ ಓಟು

“ನೋಡು ಮಗಾ, ಪಾರ್ಲಿಮೆಂಟಿಗೂ ನಮ್ಮ ಸಂಘಕ್ಕೂ ಕ್ರಮ ಒಂದೇ. ಯಾರಿಗೆ ಓಟು ಹೆಚ್ಚು ಉಂಟೋ ಅವರು ಗೆದ್ದರು, ಮುಗೀತು. ನೀನು ಹೇಳುವ ಐರ್ಲೆಂಡಿನಲ್ಲಿ ಒಂದು, ಎರಡು, ಮೂರು ಅಂತ ನಂಬ್ರ ಹಾಕ್ಬೇಕಂತೆ. ಜರ್ಮನಿಯಲ್ಲಿ ಮನುಷ್ಯನಿಗೊಂದು ಓಟು, ಪಕ್ಷಕ್ಕೊಂದು ಓಟಂತೆ. ಎಂತಕ್ಕೆ ಅಷ್ಟೆಲ್ಲ? ಗಿರಾಕಿ ಬಂದು ‘ಮೊದಲು ಅಂಜಲ್, ಅದಿಲ್ಲದಿದ್ರೆ ಬಂಗುಡೆ, ಅದೂ ಇಲ್ಲದಿದ್ರೆ ಭೂತಾಯಿ’ ಅಂತ ನಿಂತ್ರೆ ನಾನು ಎಂತ ಕೊಡುದು? ಒಂದು ಹೇಳು, ತಗೊ, ಹೋಗು!” ಎಂದಳು ಮೀನು ಮಾರುವ ಅಕ್ಕು.

“ಒಂದಿಲ್ಲದಿದ್ರೆ ಇನ್ನೊಂದು, ಎಲ್ಲರೂ ಹಾಗೇ ಅಲ್ವಾ ಅಕ್ಕಾ ತಗೊಳ್ಳುದು?” ಎಂದಳು ನತಾಶಾ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಅವಳು ಅಕ್ಕುವಿನ ಹಳೆಯ ಗಿರಾಕಿ.

ವಾಮಂಜೂರಿನ ಆ ಸಣ್ಣ ಮೀನು ಮಾರ್ಕೆಟ್ಟಿನಲ್ಲಿ ಅಕ್ಕುವಿಗೆ ಹಳೆಯ ಕ್ರಮವೇ ಇಷ್ಟವಾಗಲು ಕಾರಣವಿತ್ತು. ಮಾರುವ ಹೆಂಗಸರ ಸಂಘದ ಅಧ್ಯಕ್ಷೆಗೆ ಗೇಟಿನ ಪಕ್ಕದ ಜಾಗ. ಬಂದ ಗಿರಾಕಿಯ ಕಣ್ಣು ಮೊದಲು ಬೀಳುವುದೇ ಅಲ್ಲಿ. ಹಸಿಮೀನಿನ ದೇಯಿ ಮತ್ತು ಒಣಮೀನಿನ ಆನ್ಸಿ ಪ್ರತಿ ಸಲವೂ ಚುನಾವಣೆಗೆ ನಿಂತು ಒಬ್ಬರ ಓಟನ್ನು ಒಬ್ಬರು ಕಡಿಮೆ ಮಾಡುತ್ತಿದ್ದರು, ಅಕ್ಕು ನಡುವೆ ನುಸುಳಿ ಗೆಲ್ಲುತ್ತಿದ್ದಳು.

“ಅರ್ಧಕ್ಕಿಂತ ಹೆಚ್ಚು ಜನಕ್ಕೆ ನೀನು ಬೇಡ ಮಾರಾಯ್ತಿ, ಆದ್ರೂ ನೀನೇ ಅಧ್ಯಕ್ಷೆ!” ಎಂದ ದೇಯಿ, ಈ ಸಲ ಕ್ರಮ ಬದಲಾಗಬೇಕೆಂದು ಹಟ ಹಿಡಿದಳು.

ಐರ್ಲೆಂಡಿನಷ್ಟು ದೂರ ಹೋಗುವುದು ಬೇಡವೆಂದು ನತಾಶಾ ಸುಲಭದ ಕ್ರಮ ಹೇಳಿದಳು. ಬರೆಯಲು ಬಾರದವರೂ ಇದ್ದುದರಿಂದ ಚೀಟಿಯ ಬದಲು ಮೀನು. ಮೊದಲು ಬೇಕಾದವಳ ಬುಟ್ಟಿಗೆ ಬಂಗುಡೆ, ಎರಡು ಅಂಕ. ಅವಳಾಗದಿದ್ದರೆ ಇವಳಾದರೂ ಆಗಲಿ ಎನ್ನುವವಳ ಬುಟ್ಟಿಗೆ ಭೂತಾಯಿ, ಒಂದು ಅಂಕ.

ಎಲ್ಲರೂ ಹಾಕಿದರು. ನತಾಶಾ ಮೊದಲು ಆನ್ಸಿಯ ಬುಟ್ಟಿ, ಆಮೇಲೆ ದೇಯಿಯ ಬುಟ್ಟಿ ಎಣಿಸಿದಳು; ದೇಯಿಯದು ಹೆಚ್ಚಿತ್ತು. ಅಕ್ಕು ಓರೆಗಣ್ಣಿನಲ್ಲಿ ತನ್ನ ಬುಟ್ಟಿ ನೋಡಿಕೊಂಡಳು. ಬಂಗುಡೆ ಹೊಳೆಯುತ್ತಿತ್ತು. ಗೇಟು ತನ್ನದೇ.

ಅಷ್ಟರಲ್ಲಿ ಪಿಯುಸ್ ಮಾಸ್ಟ್ರ ಸ್ಕೂಟರ್ ಬಂತು. ಅಕ್ಕುವಿನ ಮಾರುವ ಮಣೆ ಖಾಲಿ ಇತ್ತು. “ಎಂತ ಅಕ್ಕು, ಇವತ್ತು ಬಂಗುಡೆ ಇಲ್ವಾ? ದೇಯಿ ಹತ್ರ ಕೇಳ್ತೇನೆ ಹಾಗಾದ್ರೆ.”

ಆ ಹೆಸರು ಕೇಳಿದ್ದೇ ಅಕ್ಕುವಿನ ಕೈ ತನ್ನಷ್ಟಕ್ಕೆ ಓಡಿತು. “ದೇಯಿದು ನಿನ್ನೆಯ ಮೀನು ಮಾಸ್ಟ್ರೇ, ನನ್ನದು ನೋಡಿ, ಕಿವಿರು ಕೆಂಪು ಉಂಟು!” ಓಟಿನ ಬುಟ್ಟಿಯ ಬಂಗುಡೆಯೆಲ್ಲ ಮಾಸ್ಟ್ರ ಚೀಲ ಸೇರಿತು. ಹಳೆಯ ಗಿರಾಕಿಯೆಂದು ಉಳಿದ ಭೂತಾಯಿಯನ್ನೂ ಮೇಲಿಂದ ಹಾಕಿದಳು.

ಸ್ಕೂಟರ್ ತಿರುವು ದಾಟಿದ ಮೇಲೆ ನತಾಶಾ ಖಾಲಿ ಬುಟ್ಟಿ ಎತ್ತಿ ನೋಡಿದಳು.

“ಎಣಿಸು ಮಗಾ,” ದೇಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮಧ್ಯಾಹ್ನ ಮಾಸ್ಟ್ರ ಮನೆಗೆ ಹೋಗಿ ಸಾರಿನಲ್ಲಿ ಎಣಿಸು!”

“ಫೋನ್ ಮಾಡಿ ತರಿಸುವಾ ಅಕ್ಕಾ?” ಎಂದಳು ನತಾಶಾ.

“ಎಂತ ಮಾತು! ಮಾರಿದ ಮೀನು ವಾಪಸ್ ಕೇಳುವ ಕ್ರಮ ನಮ್ಮಲ್ಲಿಲ್ಲ.” ಗೇಟಿನ ಜಾಗ ಗೆದ್ದ ದೇಯಿಗೆ ಬಿಟ್ಟು, ಅಕ್ಕು ಮಣೆ, ಕತ್ತಿ, ಬುಟ್ಟಿ ಎತ್ತಿಕೊಂಡು ದೇಯಿ ಕೂರುತ್ತಿದ್ದ ಒಳಗಿನ ಗೋಡೆಯ ಪಕ್ಕಕ್ಕೆ ನಡೆದಳು. ಗೇಟಿನಿಂದ ದೇಯಿ ಕೂಗಿದಳು: “ಒಂದು ಬಂಗುಡೆ ನನ್ನದೇ ಇತ್ತು ಮಾರಾಯ್ತಿ, ನಿನಗೇ ಹಾಕಿದ್ದು!”

“ನಿನ್ನೆಯ ಮೀನಾ?” ಎಂದು ಕೇಳಿ ಅಕ್ಕು ಕೊಡದಲ್ಲಿ ನೀರು ತಂದಳು. ಹೊಸ ಜಾಗಕ್ಕೆ ಎರಚಿ, ಹಿಡಿಸೂಡಿಯಿಂದ ಹಳೆಯ ಮೀನಿನ ಪರೆಗಳನ್ನೆಲ್ಲ ಮೋರಿಗೆ ಗುಡಿಸಿದಳು.